ಸುಟ್ಟ ಮಣ್ಣಿನ ಗುಳ್ಳವ್ವ

ಮಸ್ಕಿಯ ಹಗ್ಗದಂಗಡಿ ಅಮರಗುಂಡಪ್ಪ ಕೂತಿದ್ದನ್ನು ಕಂಡವರು ಕಡಿಮೆ. ಗಿರಾಕಿ ಇದ್ದರೆ ನಿಂತೇ ಮಾತು, ಇಲ್ಲದಿದ್ದರೆ ನಿಂತೇ ಕೆಲಸ. ಎತ್ತಿನ ಮೂಗುದಾರ, ಕೊರಳ ಗಂಟೆಸರ, ಕೊಂಬಿಗೆ ಕಟ್ಟುವ ಬಣ್ಣದ ಗೊಂಡೆ, ಬಾರುಕೋಲು, ಬಾವಿಯ ಹಗ್ಗ, ಇವು ಅವನ ವ್ಯಾಪಾರ. ಊಟಕ್ಕೆ ಕೂತಾಗಲೂ ಎಡಗೈ ಸುಮ್ಮನಿರುತ್ತಿರಲಿಲ್ಲ. ನಾರಿನ ಎಳೆ ಸಿಕ್ಕರೆ ಹೊಸೆಯುತ್ತಿತ್ತು, ಸಿಗದಿದ್ದರೆ ಅಂಗಿಯ ಗುಂಡಿ ತಿರುವುತ್ತಿತ್ತು. "ಅವನ ಕಾಲಾಗ ಇರುವಿ ಹೊಕ್ಕಾವ" ಎಂದು ನಮ್ಮವ್ವ ಕಸ್ತೂರೆಮ್ಮ ನಗುತ್ತಿದ್ದಳು. ನಮ್ಮ ಮನೆಗೂ ಅವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಹಾಗಾಗಿ ಅವನು ಆಚೆ ಈಚೆ ತಿರುಗಾಡುವ ಸದ್ದು ನಮಗೆ ದಿನವೂ ಕೇಳುತ್ತಿತ್ತು.

ನಿಜಾಮರ ಕಾಲದ ಮಾತು ಇದು. ಲಿಂಗಸುಗೂರಿನ ಕಚೇರಿಯಲ್ಲಿ ಉರ್ದು ನಡೆಯುತ್ತಿತ್ತು. ಮಸ್ಕಿಗೆ ಮೋಟಾರು ಬಂದರೆ ಓಣಿಯ ಮಕ್ಕಳೆಲ್ಲ ಧೂಳು ತಿನ್ನುತ್ತ ಅದರ ಹಿಂದೆ ಓಡುತ್ತಿದ್ದೆವು. ಆಟದ ಸಾಮಾನನ್ನು ಅಂಗಡಿಯಿಂದ ತರುತ್ತಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಹಬ್ಬ ಬಂದರೆ ಆಟ, ಆಟಕ್ಕೆ ಬೇಕಾದ್ದು ಹೊಲದಲ್ಲಿ, ತಿಪ್ಪೆಯಲ್ಲಿ, ಅಡುಗೆಮನೆಯಲ್ಲಿ. ಈಗ ಮಣ್ಣೆತ್ತಿನ ಅಮವಾಸ್ಯೆಗೂ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತು ಕೊಂಡು ತಂದು ಜಗುಲಿಯ ಮೇಲೆ ಇಡುತ್ತಾರೆ. ನೋಡಿದರೆ ನನಗೆ ಮೈ ಉರಿಯುತ್ತದೆ. ಆ ಮಾತು ಇಲ್ಲಿ ಬೇಡ.

ಅಮರಗುಂಡಪ್ಪನ ಹೆಂಡತಿ ಜಂಬಮ್ಮ ಮುದಗಲ್ಲಿನವಳು. ಮಾತು ಕಡಿಮೆ, ನಗು ಜಾಸ್ತಿ. ಅವಳ ಎಡಗಿವಿಯ ಹಾಲೆ ಹರಿದಿತ್ತು. ಚಿಕ್ಕವಳಿದ್ದಾಗ ತವರಿನಲ್ಲಿ ಪಂಚಮಿಯ ಜೋಕಾಲಿ ಆಡುವಾಗ ಹಗ್ಗಕ್ಕೆ ಓಲೆ ಸಿಕ್ಕು ಹರಿದದ್ದಂತೆ. ಸೆರಗನ್ನು ಯಾವಾಗಲೂ ಆ ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಅವಳ ಕಡೆಯ ಪಂಚಮಿಗೆ ತವರಿನ ಬಂಡಿ ಬರಲಿಲ್ಲ. ಮುದಗಲ್ಲಿನಲ್ಲಿ ವಾಂತಿಭೇದಿ ಎಂದು ಯಾರೋ ಸುದ್ದಿ ತಂದರು. ಸುದ್ದಿ ಬಂದ ಮೇಲೂ ಅವಳು ಹೊಸ ಸೀರೆ ಉಟ್ಟುಕೊಂಡು ಸಂಜೆಯತನಕ ಕಟ್ಟೆಯ ಮೇಲೆ ಕೂತಿದ್ದಳು. ಮುಂದೆ ಮಾಘದ ಚಳಿಯಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಮಗಳು ಅಮರಮ್ಮ, ನಮಗೆಲ್ಲ ಅಮರಿ, ಆಗಿನ್ನೂ ಹಾಲುಹಲ್ಲಿನ ಕೂಸು.

ದಿನಕಾರ್ಯ ಮುಗಿದ ಮೇಲೆ ಜಂಬಮ್ಮನ ತಾಯಿ ಅಯ್ಯಮ್ಮ ಓಣಿಯ ಹಿರಿಯರ ಎದುರಿಗೇ ಅಳಿಯನನ್ನು ಕರೆದಳು. ಗಟ್ಟಿ ಹೆಂಗಸು. ಗಂಡ ಹೋದ ಮೇಲೆ ಎರಡು ಜೋಡಿ ಎತ್ತಿನ ಒಕ್ಕಲುತನವನ್ನು ತಾನೇ ನಡೆಸಿದವಳು.

"ಕೂಸಿನ ಹೊಟ್ಟಿಗೆ ನೀ ಹಾಕ್ತಿ, ಅದು ನನಗೊತ್ತೈತಿ," ಅಂದಳು. "ಹಬ್ಬ ಹುಣ್ಣಿವಿ ಯಾರು ಮಾಡ್ತಾರ? ಹೆಣ್ಣು ಹುಡುಗಿ ಹಬ್ಬ ಇಲ್ಲದ ಮನ್ಯಾಗ ಬೆಳಿಬಾರದು. ಪಂಚಮಿತನಕ ನೋಡ್ತೀನಿ. ಪಂಚಮಿಗೆ ಬಂಡಿ ತರ್ತೀನಿ. ನನ್ನ ಮನಸ್ಸಿಗೆ ಬರಲಿಲ್ಲಂದ್ರ ಅಮರಿನ್ನ ಮುದಗಲ್ಲಿಗೆ ಕರಕೊಂಡು ಹೋಗಾಕಿ. ಆಗ ತಕರಾರು ಮಾಡಬ್ಯಾಡ."

ಅವನು "ಆತ್ರಿ ಅತ್ತಿ" ಎಂದಷ್ಟೇ ಅಂದ. ಹಿರಿಯರಿಗೂ ಇದು ನ್ಯಾಯವೆನಿಸಿತು. ಗಂಡಸು ಒಬ್ಬನೇ ಹೆಣ್ಣು ಕೂಸನ್ನು ಸಾಕುತ್ತೇನೆ ಎಂದರೆ ಆಗ ಯಾರೂ ಒಪ್ಪುವ ಮಾತಲ್ಲ.

ಅಂದಿನಿಂದ ಆ ಮನುಷ್ಯನಿಗೆ ಹಬ್ಬದ ಹುಚ್ಚು ಹಿಡಿಯಿತು. ಹೋಳಿ ಬರುವ ಮೊದಲೇ ಒಡೆದ ಗಡಿಗೆಗಳ ಕಂಠ ಹುಡುಕಿ ತಂದು, ಅದಕ್ಕೆ ಗಂಜಿಯಲ್ಲಿ ಕಾಗದ ಅಂಟಿಸಿ, ಒಣಗಿಸಿ ಬಾರಿಸುವ ಹಲಗೆ ಮಾಡಿದ. ನಾವು ಅದನ್ನು ಬಡಿದು ಬಡಿದು ಹರಿದೆವು, ಅವನು ಮರುದಿನವೇ ಮತ್ತೊಂದು ಮಾಡಿದ. ಬಣವೆಯಿಂದ ಜೋಳದ ದಂಟು ಹಿರಿದು, ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಆ ಸಿಪ್ಪೆಯ ಕಡ್ಡಿಗಳಿಂದಲೇ ಚುಚ್ಚಿ ಜೋಡಿಸಿ ಬಂಡಿ ಮಾಡಿದ. ಗಾಲಿ ತಿರುಗುತ್ತಿತ್ತು. ಉಳಿದ ಕಡ್ಡಿಯಲ್ಲಿ ಚಾಳೀಸು ಮಾಡಿ ಅಮರಿಯ ಮೂಗಿಗೆ ಏರಿಸಿದ. ಅವಳು ಅದನ್ನು ಹಾಕಿಕೊಂಡೇ ಉಂಡಳು, ಹಾಕಿಕೊಂಡೇ ಮಲಗಿದಳು. ಇವನೋ ಒಂದು ಮುಗಿಸುವಷ್ಟರಲ್ಲಿ ಮುಂದಿನದರ ಚಿಂತೆ ಹಚ್ಚಿಕೊಳ್ಳುತ್ತಿದ್ದ. ಅಂಗಡಿ ಬಾಗಿಲು ತೆರೆದಿಟ್ಟು, ಗಿರಾಕಿಯನ್ನು ನಿಲ್ಲಿಸಿ, ಮನೆಗೆ ಓಡಿಬಂದು, "ಕಸ್ತೂರೆಮ್ಮಕ್ಕಾ, ಮುಂದ ಯಾವ ಹಬ್ಬ ಐತಿ?" ಎಂದು ಕೇಳುತ್ತಿದ್ದ. ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳುತ್ತಿದ್ದ. ನಮ್ಮವ್ವನಿಗೆ ಹೇಳಿ ಹೇಳಿ ಸಾಕಾಗಿತ್ತು.

ಮಣ್ಣೆತ್ತಿನ ಅಮವಾಸ್ಯೆ ಅವನದೇ ಹಬ್ಬ. ಎತ್ತಿನ ಸಾಮಾನು ಮಾರುವವನಿಗೆ ಎತ್ತಿನ ಮೈಕಟ್ಟು ಹೇಳಿಕೊಡಬೇಕೇ? ಕುಂಬಾರ ಹುಸೇನಪ್ಪನ ಹತ್ತಿರ ಹದ ಮಾಡಿದ ಮಣ್ಣು ತಂದು, ಓಣಿಯ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು, ತಾನು ಮಾತ್ರ ನಿಂತು, ಮನೆಗೊಂದು ಜೋಡಿ ಎತ್ತು ಮಾಡಿಸಿದ. ಕೊಂಬಿಗೆ ನಿಜವಾದ ಗೊಂಡೆಯ ಎಳೆ, ಕೊರಳಿಗೆ ಗಂಟೆಸರದ ಮಣಿ. ಆ ವರ್ಷ ನಮ್ಮ ಓಣಿಯ ಎತ್ತು ನೋಡಲು ಬೇರೆ ಓಣಿಯವರು ಬಂದರು. ಅಮರಗುಂಡಪ್ಪ ಬಂದವರಿಗೆಲ್ಲ ಬೆಲ್ಲ ಕೊಟ್ಟ. ಈ ಸುದ್ದಿ ಮುದಗಲ್ಲಿಗೆ ಮುಟ್ಟಲಿ ಎಂಬುದು ಅವನ ಆಸೆ, ಅದನ್ನವನು ಮುಚ್ಚಿಡಲೂ ಇಲ್ಲ.

ತೊಡಕಾದದ್ದು ಆಷಾಢ ಹುಟ್ಟಿದ ಮೇಲೆ. ಆಷಾಢದ ಮಂಗಳವಾರಗಳು ಗುಳ್ಳವ್ವನವು. ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಮೈಗೆ ಗುಲಗಂಜಿ, ಕುಸುಬೆ ಕಾಳು ಒತ್ತಿ ಸಿಂಗಾರ ಮಾಡಿ, ಮನೆಮನೆಗೆ ಹೋಗಿ ಹಾಡುವುದು. ಕಡೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ, ಉಂಡು, ಆಡಿ, ಗುಳ್ಳವ್ವನನ್ನು ನೀರಿಗೆ ಬಿಟ್ಟು ಬರುವುದು. ಇದರಲ್ಲಿ ಗಂಡಸರಿಗೆ ಕೆಲಸವಿಲ್ಲ. ಹಳ್ಳದ ಕಡೆಗೆ ಅವರು ಆ ದಿನ ಸುಳಿಯುವುದೂ ಇಲ್ಲ.

"ಗುಳ್ಳವ್ವ ಹೆಂಗಸರದು, ನಿನಗ್ಯಾಕ ಫಿಕೀರು. ಅಮರಿನ್ನ ನಮ್ಮನಿಗೆ ಕಳಸು, ನಮ್ಮ ಹುಡುಗ್ಯಾರ ಜೋಡಿ ಮಾಡ್ತಾಳ," ಎಂದು ನಮ್ಮವ್ವ ಅವನಿಗೆ ಹೇಳಿದಳು.

ಅಮರಿ ಬಂದಳು, ನನ್ನ ಪಕ್ಕದಲ್ಲೇ ಕೂತು ಗುಳ್ಳವ್ವನನ್ನು ಮಾಡಿದಳು. ಗುಳ್ಳವ್ವ ಮಾಡಿದ ಮನೆಯಲ್ಲೇ ಕೂಡಬೇಕೆಂದು ಸಂಜೆ ಅದನ್ನು ನಮ್ಮ ಜಗುಲಿಯ ಮೇಲೆ ಇಟ್ಟಾಗ ಅವಳು ಒಪ್ಪಲಿಲ್ಲ. "ಇಲ್ಲಿಟ್ರ ಇಕಿ ನಿಮ್ಮಾಕಿ ಆಗ್ತಾಳ. ನನ್ನಾಕಿ ನಮ್ಮನ್ಯಾಗ ಇರಬೇಕು," ಅಂದು ಬರಿಗೈಯಲ್ಲಿ ಮನೆಗೆ ಹೋದಳು. ಗೋಡೆಯಾಚೆ ಅಮರಗುಂಡಪ್ಪನ ಹೆಜ್ಜೆ ಆಚೆ ಈಚೆ ಆಡಿದ್ದೇ ಆಡಿದ್ದು.

ಅವನು ಬಾಗಿಲು ಹಾಕಿಕೊಂಡು ತಾನೇ ಗುಳ್ಳವ್ವನನ್ನು ಮಾಡಲು ಕೂತ. ಹುಸೇನಪ್ಪನ ಹತ್ತಿರ ಮಣ್ಣು ಕೇಳಲು ನಾಚಿಕೆ, ಯಾತಕ್ಕೆ ಎಂದು ಕೇಳಿದರೆ ಏನು ಹೇಳುವುದು? ಹಿತ್ತಲಾಚೆಯ ಹೊಲದಿಂದ ಕಪ್ಪು ಯರಿ ಮಣ್ಣು ತಂದ. ಯರಿ ಮಣ್ಣು ಒಣಗಿದರೆ ಬಿರಿಯುತ್ತದೆ, ಬೇಸಿಗೆಯ ಹೊಲ ನೋಡಿದ ಯಾರಿಗೂ ಗೊತ್ತು. ಅವನಿಗೂ ಗೊತ್ತಿತ್ತು, ಆ ಹೊತ್ತಿಗೆ ತಲೆ ಓಡಲಿಲ್ಲ. ಬೆಳಗಾಗುವಷ್ಟರಲ್ಲಿ ಗುಳ್ಳವ್ವನ ಕುತ್ತಿಗೆ ಬಿರಿದು ತಲೆ ಕೆಳಗೆ ಬಿದ್ದಿತ್ತು. ಎರಡನೆಯದಕ್ಕೆ ಹತ್ತಿ ಕಲಸಿದ, ಅದರ ಎದೆ ಸೀಳಿತು. ಅಮರಿ ಅಳಲಿಲ್ಲ. ಬಿರಿದ ತುಂಡುಗಳನ್ನು ಮೊರದಲ್ಲಿ ಕೂಡಿಸಿ ಇಟ್ಟು, "ಇಕಿನೂ ಹೋದ್ಲು," ಅಂದಳು. ನಮ್ಮವ್ವ ಬೆಂಕಿ ಕೇಳಲು ಹೋದವಳು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು, ಬೆಂಕಿ ಕೇಳದೆಯೇ ತಿರುಗಿ ಬಂದಳು.

ಮೂರನೆಯದನ್ನು ಅವನು ಯಾವ ಮಣ್ಣಿನಲ್ಲಿ ಮಾಡಿದನೋ ನನಗೆ ತಿಳಿಯದು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹುಸೇನಪ್ಪನ ಆವಿಗೆಯ ಹತ್ತಿರ ಹೋದ. ಹುಸೇನಪ್ಪ ಮಳೆ ಬರುವ ಮೊದಲು ಗಡಿಗೆಗಳನ್ನು ಸುಟ್ಟು ಮುಗಿಸುವ ಅವಸರದಲ್ಲಿದ್ದ.

"ಏನದು?"

"ಕೂಸಿಗೆ ಗೊಂಬಿ. ಬಿರಿಲಾರದಂಗ ಆಗಬೇಕು. ನಿನ್ನ ಗಡಗಿ ಜೋಡಿ ಇದನ್ನೂ ಇಡು."

"ಗೊಂಬಿ ಆದ್ರ ಇಡ್ತೀನಿ ಬಿಡು," ಅಂದು ಹುಸೇನಪ್ಪ ಅದನ್ನು ಬಿಚ್ಚಿಯೂ ನೋಡದೆ ಎರಡು ಗಡಿಗೆಗಳ ನಡುವೆ ಒತ್ತಿದ. ಗುಳ್ಳವ್ವ ಎಂದು ಒಂದು ಮಾತು ಹೇಳಿದ್ದರೆ ಅವನು ಅದಕ್ಕೆ ಕೈ ಹಚ್ಚುತ್ತಿರಲಿಲ್ಲ. ಅಮರಗುಂಡಪ್ಪ ನಾಚಿಕೆಗೆ ಬಿದ್ದು ಹೇಳಲಿಲ್ಲ.

ಆವಿಗೆಯಿಂದ ಬಂದ ಗುಳ್ಳವ್ವ ಕೆಂಪಗೆ ಬೆಂದಿದ್ದಳು. ಬೆರಳಿನಿಂದ ಬಡಿದರೆ ಠಣ್ ಎನ್ನುತ್ತಿದ್ದಳು. ಕಾಳು ಒತ್ತಲು ಬರುವುದಿಲ್ಲವೆಂದು ಅವನು ಅರಗು ಕಾಯಿಸಿ ಗುಲಗಂಜಿಯನ್ನೂ ಗಂಟೆಸರದ ಮಣಿಗಳನ್ನೂ ಅಂಟಿಸಿದ. ತಲೆಯ ಮೇಲೆ ಸೆರಗಿನಂತೆ ಕೆಂಪು ಗೊಂಡೆಯ ಎಳೆ ಹೊದಿಸಿದ. ಅಮರಿ ಅದನ್ನು ಎದೆಗೆ ಅವುಚಿಕೊಂಡು ಓಣಿಯೆಲ್ಲ ತಿರುಗಿದಳು. ನಮಗೆಲ್ಲ ಹೊಟ್ಟೆಕಿಚ್ಚು. ಸಿಂಗಾರದ ಕೆಳಗೆ ಮಣ್ಣು ಬೆಂದಿದೆ ಎಂದು ದೊಡ್ಡವರು ಯಾರೂ ಗಮನಿಸಲಿಲ್ಲ.

ಕಡೆಯ ಮಂಗಳವಾರ ಹಳ್ಳಕ್ಕೆ ಹೋದೆವು. ಕಡುಬು, ಜೋಳದ ವಡೆ, ಮೊಸರನ್ನ ಉಂಡೆವು. ಹುಣಸೆಬೀಜ ಒಡೆದು ಮರಳಿನ ಮೇಲೆ ಮನೆ ಗೀಚಿ ಚೌಕಾಬಾರ ಆಡಿದೆವು. ಬಿಸಿಲು ಇಳಿಯುತ್ತಿದ್ದಂತೆ ಒಬ್ಬೊಬ್ಬರೇ ಮೊಣಕಾಲು ನೀರಿಗೆ ಇಳಿದು ಗುಳ್ಳವ್ವನನ್ನು ಬಿಟ್ಟೆವು. ನನ್ನವಳು ನೀರು ತಾಗಿದ ಕೂಡಲೇ ಮೂಗು ಕಳೆದುಕೊಂಡಳು, ಆಮೇಲೆ ಭುಜ, ಆಮೇಲೆ ನೀರು ಕದಡಿ ಏನೂ ಕಾಣಲಿಲ್ಲ. ಅಮರಿಯ ಗುಳ್ಳವ್ವ ತಳಕ್ಕೆ ಹೋಗಿ ಕೂತಳು. ಕದಡಿದ ನೀರು ತಿಳಿಯಾಯಿತು. ಅವಳು ಹಾಗೇ ಕೂತಿದ್ದಳು, ಮಣಿ ಹೊಳೆಯುತ್ತಿದ್ದವು.

ನಮ್ಮವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಅದನ್ನು ತೆಗೆದಳು. ಉಗುರಿನಿಂದ ಕೆರೆದಳು. ಕಲ್ಲಿಗೆ ಮೆಲ್ಲಗೆ ತಾಗಿಸಿದಳು. ಸದ್ದು ಕೇಳಿ ಹೆಂಗಸರೆಲ್ಲ ಮಾತು ನಿಲ್ಲಿಸಿದರು.

"ಸುಟ್ಟಾನ," ಅಂದಳು ನಮ್ಮವ್ವ.

ಅಲ್ಲಿಂದ ಶುರುವಾಯಿತು ಕಿರಿಕಿರಿ. ಹಳ್ಳದಲ್ಲಿ ಬಿಡುವಂತಿಲ್ಲ, ಕರಗದೆ ನೀರಲ್ಲಿ ಕೂತವಳು ಹೋದ ಹಾಗಲ್ಲ. ಮನೆಗೆ ತರುವಂತಿಲ್ಲ, ಕಳಿಸಿಕೊಟ್ಟವಳು ಹೊಸ್ತಿಲು ದಾಟಿ ಮತ್ತೆ ಬರಬಾರದು. ಅಮರಿ ಯಾರ ಮಾತನ್ನೂ ಕೇಳದೆ ಗುಳ್ಳವ್ವನನ್ನು ಲಂಗದಲ್ಲಿ ಸುತ್ತಿಕೊಂಡು ಊರ ಕಡೆ ನಡೆದಳು. ನಮ್ಮವ್ವ ನೇರ ಹಗ್ಗದಂಗಡಿಗೆ ಹೋಗಿ ನಿಂತಳು.

"ನಮ್ಮ ಮಂದಿ ಸತ್ತವರನ್ನೂ ಸುಡಂಗಿಲ್ಲ, ಮಣ್ಣಿಗೆ ಕೊಡ್ತೀವಿ. ನೀ ಗುಳ್ಳವ್ವನ್ನ ಸುಟ್ಟೀಯಲ್ಲೋ."

ಅವನು ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ. "ಕರಗಬೇಕು ಅಂತ ನನಗ ಗೊತ್ತಿದ್ದಿಲ್ಲ ಯಕ್ಕಾ. ಹಳ್ಳಕ ನಾ ಯಾವಾಗ ಬಂದೀನಿ? ಬಿರಿಬಾರದು ಅಂತ ಸುಟ್ಟೆ. ಕೂಸು ಇಕಿನೂ ಹೋದ್ಲು ಅಂತಂತು."

ನಮ್ಮವ್ವನಿಗೆ ಸಿಟ್ಟೂ ಬಂತು, ಮರುಕವೂ ಬಂತು. ಅವಳು ಮನೆಗೆ ತಿರುಗಿ ಬಂದಳು. ಊರಿಗೆ ಸಾರುವ ಕೆಲಸವನ್ನು ಉಳಿದ ಹೆಂಗಸರು ಮಾಡಿದರು, ಸಂತೆಯ ದಿನದ ಹೊತ್ತಿಗೆ ಸುದ್ದಿ ಲಿಂಗಸುಗೂರು ಮುಟ್ಟಿತ್ತು.

ಪಂಚಮಿ ಹತ್ತಿರ ಬಂತು. ಅಮರಗುಂಡಪ್ಪನನ್ನು ನೋಡಲು ಆಗುತ್ತಿರಲಿಲ್ಲ. ಗುಳ್ಳವ್ವನನ್ನು ಕಟ್ಟೆಯ ಮೇಲೆ ಇಡುವನು, ಜನ ನೋಡುತ್ತಾರೆಂದು ಅಂಗಡಿಗೆ ಒಯ್ಯುವನು, ಅಮರಿ ಹುಡುಕುತ್ತಾಳೆಂದು ಮತ್ತೆ ಮನೆಗೆ ತರುವನು. ಒಮ್ಮೆ ಹಾರೆ ಹಿಡಿದು ಒಡೆಯಲು ಹೋದದ್ದನ್ನು ನಾನೇ ಕಂಡೆ. ಎತ್ತಿದ ಹಾರೆಯನ್ನು ಗೋಡೆಗೆ ಆನಿಸಿ ಬೀದಿಗೆ ಬಂದುಬಿಟ್ಟ. ಮನೆಯ ಮುಂದಿನ ಬೇವಿನ ಮರಕ್ಕೆ ಅಂಗಡಿಯ ಒಳ್ಳೆಯ ಹಗ್ಗದಿಂದ ಜೋಕಾಲಿ ಕಟ್ಟಿದ. ಗಂಟು ಸರಿಯಿಲ್ಲವೆಂದು ಬಿಚ್ಚಿದ, ಟೊಂಗೆ ಸರಿಯಿಲ್ಲವೆಂದು ಬೇರೆ ಟೊಂಗೆಗೆ ಕಟ್ಟಿದ, ಮತ್ತೆ ಬಿಚ್ಚಿದ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗುವ ಆಟದ ಸಾಮಾನನ್ನು ಓಣಿಯ ಮಕ್ಕಳಿಗೆಲ್ಲ ಮಾಡಿಕೊಟ್ಟ, ತನ್ನ ಮಗಳಿಗೆ ಮರೆತ. ಬಂಡಿಯ ಗಂಟೆ ಎಲ್ಲಿ ಕೇಳಿದರೂ ಕತ್ತು ಅತ್ತ ತಿರುಗುತ್ತಿತ್ತು. ಊರಿನ ಗಂಟೆಗಳೆಲ್ಲ ಅವನೇ ಮಾರಿದ್ದವು.

ಅಯ್ಯಮ್ಮ ಬಂದಳು. ಬಂಡಿಯಿಂದ ಇಳಿದವಳು ಕಾಲಿಗೆ ಕೊಟ್ಟ ನೀರು ಮುಟ್ಟಲಿಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ. ನಮ್ಮವ್ವ ಬಾಗಿಲಿಗೆ ಬಂದಳು, ನಾನು ಅವಳ ಹಿಂದೆ.

"ಕೂಸಿನ ಅರಿವಿ ಗಂಟು ಕಟ್ಟು," ಅಂದಳು ಅಯ್ಯಮ್ಮ ಅಳಿಯನಿಗೆ.

"ಮೊದ್ಲು ಉಣ್ರಿ ಅತ್ತಿ."

"ಉಣ್ಣಾಕ ಬಂದಿಲ್ಲ ನಾ. ಲಿಂಗಸುಗೂರಾಗ ಎತ್ತು ಬಿಚ್ಚೂದ್ರಾಗ ಮಂದಿ ಬಂದು ಹೇಳಿದ್ರು. ಗುಳ್ಳವ್ವನ್ನ ಸುಟ್ಟೀಯಂತ. ಖರೇ ಏನು?"

"ಖರೇರಿ."

"ಕಳಸೂ ಹಬ್ಬ ಯಾವುದು, ಇಟ್ಕೊಳ್ಳೂ ಹಬ್ಬ ಯಾವುದು ಅಂತ ತಿಳಿಲಾರದವ ಹೆಣ್ಣು ಹುಡುಗಿನ್ನ ಹೆಂಗ ಬೆಳಸ್ತಿ? ತಾ ಅದನ್ನ ಇಲ್ಲಿ."

ಅವನು ಒಳಗೆ ಹೋದ. ಅಮರಿ ಕೊಡಲೊಲ್ಲೆ ಎನ್ನುವುದು, ಅವನು ಪಿಸುಗುಟ್ಟುವುದು ಕೇಳಿತು. ಕಡೆಗೆ ಇಬ್ಬರೂ ಬಂದರು. ಅಯ್ಯಮ್ಮ ಗುಳ್ಳವ್ವನನ್ನು ಕಸಿದುಕೊಂಡು ಹೊಸ್ತಿಲಿನ ಕಲ್ಲಿನ ಕಡೆಗೆ ಬಾಗಿದಳು. ಒಡೆದೇಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಒಡೆದ ಸದ್ದು ಬರಲಿಲ್ಲ.

ಕಣ್ಣು ಬಿಟ್ಟಾಗ ಕೆಂಪು ಎಳೆಯ ಸೆರಗು ಸರಿದಿತ್ತು, ಅಯ್ಯಮ್ಮನ ಹೆಬ್ಬೆರಳು ಗುಳ್ಳವ್ವನ ಎಡಗಿವಿಯ ಮೇಲೆ ನಿಂತಿತ್ತು. ಆ ಕಿವಿಯ ಹಾಲೆ ಎರಡು ಸೀಳಾಗಿತ್ತು.

"ಇದನ್ಯಾಕ ಹರದಿ?" ಅವಳ ದನಿ ಸಣ್ಣದಾಗಿತ್ತು.

"ನಾ ಹರಿಲಿಲ್ರಿ. ಮಾಡೂಮುಂದ ಕೈಯಾಗ ಹಂಗ ಬಂತು. ನೋಡಿದೆ, ತಿದ್ದಾಕ ಮನಸ್ಸಾಗಲಿಲ್ಲ."

ಅಯ್ಯಮ್ಮ ಅಲ್ಲೇ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತಳು. ಬಹಳ ಹೊತ್ತು ಆ ಕಿವಿಯನ್ನು ಸವರಿದಳು. "ಆ ಜೋಕಾಲಿ ತೂಗಿದಾಕಿ ನಾನ," ಅಂದಳು, ಯಾರಿಗೆ ಅಂದಳೋ. "ಓಲಿ ಬಿಚ್ಚಿ ಕೂಡಸು ಅಂತ ನಮ್ಮತ್ತಿ ಅಂದ್ರು. ಹಬ್ಬದ ದಿನ ಬೋಳು ಕಿವಿ ಯಾಕಂತ ನಾ ಕೇಳಲಿಲ್ಲ. ಹೋದ ಪಂಚಮಿಗೆ ಬಂಡಿ ಕಳಸಲಿಲ್ಲ. ಮುಂದಿನ ವರ್ಷ ಕರದ್ರಾತು ಅಂತ ಬಿಟ್ಟೆ." ಆಮೇಲೆ ಅತ್ತಳು. ದಿನಕಾರ್ಯದಲ್ಲೂ ಅಳದ ಹೆಂಗಸು ಆಗ ಅತ್ತಳು, ನಮ್ಮವ್ವನೂ ಅತ್ತಳು. ಅಮರಗುಂಡಪ್ಪ ಮಾತ್ರ ನಿಂತಲ್ಲೇ ನಾರಿನ ಎಳೆಯೊಂದನ್ನು ಹೊಸೆಯುತ್ತಿದ್ದ.

ಅಳು ನಿಂತ ಮೇಲೆ ಅಯ್ಯಮ್ಮ ಮೂಗು ಒರೆಸಿಕೊಂಡು ನಮ್ಮವ್ವನ ಕಡೆ ತಿರುಗಿದಳು. "ಕಸ್ತೂರೆಮ್ಮ, ಒಂದು ಕುಬಸದ ಖಣ ತಾ. ಒಂದು ಬೊಗಸಿ ಅಕ್ಕಿ, ಒಂದು ಕೊಬ್ಬರಿ ಬಟ್ಲ. ಉಡಿ ತುಂಬಬೇಕು."

"ಯಾರಿಗಬೇ?"

"ನನ್ನ ಮಗಳಿಗೆ. ಪಂಚಮಿಗೆ ಕರಕೊಂಡು ಹೋಗಾಕ ಬಂದೀನಿ, ಬರೇ ಕೈಲೆ ಹೆಂಗ ಹೋಗ್ಲಿ?"

ನಮ್ಮವ್ವ ಓಡಿಹೋಗಿ ತಂದಳು. ಗುಳ್ಳವ್ವನನ್ನು ಖಣದಲ್ಲಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿದರು. ಕರಗಲಾರದೆ ಮನೆಯಲ್ಲಿ ಉಳಿದವಳು ಈಗ ಉಡಿ ತುಂಬಿಸಿಕೊಂಡು ತವರಿಗೆ ಹೊರಟಳು. ಹಾಗೆ ಕಳಿಸಿಕೊಟ್ಟವಳ ಬಗ್ಗೆ ಓಣಿಯ ಯಾವ ಹೆಂಗಸೂ ಬಾಯಿ ತೆರೆಯುವಂತಿರಲಿಲ್ಲ.

ಅಮರಗುಂಡಪ್ಪ ಒಳಗೆ ಹೋಗಿ ಮಗಳ ಬಟ್ಟೆಯ ಗಂಟು ತಂದು ಬಂಡಿಯ ಹತ್ತಿರ ನಿಂತ. ಅವನ ಮುಖವನ್ನು ನಾನು ನೋಡಲಾರದೆ ಹೋದೆ.

ಅಯ್ಯಮ್ಮ ಆ ಗಂಟನ್ನು ಅವನ ಎದೆಗೇ ತಿರುಗಿ ಒತ್ತಿದಳು. "ಇಬ್ರನ್ನೂ ಒಯ್ದ್ರ ನಿನ್ನ ಮನ್ಯಾಗ ಯಾರು ಉಳಿತಾರ? ಒಬ್ಬಾಕಿ ಸಾಕು ನನಗ."

ಅಮರಿಗೆ ಏನು ತಿಳಿಯಿತೋ, ತಂದೆಯ ಧೋತರ ಹಿಡಿದುಕೊಂಡೇ, "ಬಂಡ್ಯಾಗ ಹುಲ್ಲು ಹಾಕ್ರಿ, ಇಲ್ಲಂದ್ರ ಒಡಿತಾಳ," ಅಂದಳು. ಅಯ್ಯಮ್ಮ ಹುಲ್ಲು ಹಾಕಿಸಿ, ಗುಳ್ಳವ್ವನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಂಡಿ ಲಿಂಗಸುಗೂರಿನ ದಾರಿ ಹಿಡಿಯಿತು.

ಅಮರಗುಂಡಪ್ಪ ಮತ್ತೆ ಮದುವೆಯಾಗಲಿಲ್ಲ. ಓಣಿಯ ಮಕ್ಕಳಿಗೆ ಎತ್ತು, ಬಂಡಿ, ಹಲಗೆ ಮಾಡುವುದನ್ನು ಮುದುಕನಾಗುವತನಕ ಬಿಡಲಿಲ್ಲ, ಒಂದು ಕಡೆ ಕೂಡುವುದನ್ನೂ ಕಲಿಯಲಿಲ್ಲ. ಅಮರಿಯ ಮಕ್ಕಳೂ ಅವನು ಮಾಡಿದ ದಂಟಿನ ಚಾಳೀಸು ಹಾಕಿಕೊಂಡೇ ಬೆಳೆದರು.

ಆ ಸಂಜೆ ಬಂಡಿಯ ಗಂಟೆ ಕೇಳಿಸದಷ್ಟು ದೂರ ಹೋದ ಮೇಲೆ ಅಮರಿ ಅವನ ಕೈ ಜಗ್ಗಿದಳು. "ಯಪ್ಪಾ, ಜೋಕಾಲಿ."

ಅವನು ಹಗ್ಗ ತಂದು ಬೇವಿನ ಟೊಂಗೆಗೆ ಕಟ್ಟಿದ. ಈ ಸಲ ಬಿಚ್ಚಲಿಲ್ಲ. ಮಗಳನ್ನು ಎತ್ತಿ ಕೂಡಿಸುವ ಮೊದಲು ಅವಳ ಎರಡೂ ಕಿವಿಯ ಓಲೆಗಳನ್ನು ಮೆಲ್ಲಗೆ ಬಿಚ್ಚಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.